ಹಾರುವ ಮೊದಲು ಹಿಡಿಯುವವರನ್ನು ನೋಡು

ಮಗಾ,

ನಿನ್ನ ವಿಡಿಯೊ ನನ್ನ ಮೊಬೈಲಿಗೂ ಬಂತು. ಸೋಮೇಶ್ವರದ ಕಡಲ ಬದಿಯ ಕಪ್ಪು ಬಂಡೆ, ಇಬ್ಬರು ಹುಡುಗಿಯರ ಹೆಗಲ ಮೇಲೆ ನೀನು. ಬೆನ್ನು ನೆಟ್ಟಗಿತ್ತು, ಮೊಣಕಾಲು ಅಲುಗಲಿಲ್ಲ, ಮುಖದ ನಗು ಮಾಸಲಿಲ್ಲ. ಅದೆಲ್ಲ ಸರಿ. ಆದರೆ ನಿನ್ನ ಹಿಂದೆ ಯಾರೂ ನಿಂತಿರಲಿಲ್ಲ. ಕೆಳಗಿದ್ದವರಲ್ಲಿ ಒಬ್ಬಳ ಕಾಲು ಜಾರಿದ್ದರೂ ನಿನ್ನ ತಲೆ ಪಾಚಿಗಟ್ಟಿದ ಕಲ್ಲಿಗೆ ಬಡಿಯುತ್ತಿತ್ತು. ಎಂತ ಮಾರಾಯ್ತಿ, ಇಷ್ಟು ವರ್ಷ ಕಲಿತದ್ದು ಇದನ್ನೆಯಾ? ಹಾಗೆ ಕೇಳಿಬಿಡಬೇಕೆಂದು ಫೋನ್ ಕೈಗೆತ್ತಿಕೊಂಡೆ. ಸಿಟ್ಟಿನಲ್ಲಿ ಮಾತು ಕೆಟ್ಟೀತು ಅನಿಸಿ ಕಾಗದ ಬರೆಯಲು ಕೂತೆ. ನಿನ್ನ ಹಾಗೆ ಆಡುವ ಬೇರೆ ಮಕ್ಕಳೂ ಓದಲಿ ಎಂದು ಇದನ್ನು ಪತ್ರಿಕೆಗೇ ಕಳಿಸುತ್ತಿದ್ದೇನೆ. ಊರಿನವರಿಗೆ ಗೊತ್ತಾಗಬಾರದೆಂದು ನಿನ್ನ ಹೆಸರು ಬರೆದಿಲ್ಲ.

ಬೆಂಗಳೂರಿನ ಕರೆಯ ವಿಷಯ ನಿನ್ನ ಅಮ್ಮ ಹೇಳಿದಳು. ಅವಳಿಗೂ ನಾನೇ ಪಿ.ಟಿ. ಟೀಚರ್ ಆಗಿದ್ದವಳು, ನನ್ನ ಹತ್ತಿರ ಮುಚ್ಚಿಡುವುದಿಲ್ಲ. ಲೀಗ್ ಪಂದ್ಯಗಳಿಗೆ ಚಿಯರ್‌ಲೀಡರ್ ಆಗಿ ಹೋಗುವುದೋ, ಇಲ್ಲೇ ಡಿಗ್ರಿಗೆ ಸೇರಿ ತಂಡದೊಂದಿಗೆ ಉಳಿಯುವುದೋ, ನಿರ್ಧಾರ ನಿನ್ನದು. ಎರಡೂ ಕಡೆಯ ಮಾತನ್ನು ನಿನ್ನ ಮುಂದಿಡುತ್ತೇನೆ.

ಮೊದಲೇ ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಹುಡುಗಿಯರು ನಾಲ್ಕು ಜನರೆದುರು ಕುಣಿಯಬಾರದು, ಗಿಡ್ಡ ಬಟ್ಟೆ ತೊಡಬಾರದು ಎನ್ನುವವರ ಗುಂಪಿನಲ್ಲಿ ನಾನಿಲ್ಲ. ಶಾಲೆಯ ಕಬಡ್ಡಿ ತಂಡಕ್ಕೆ ಬಣ್ಣದ ಕಾಗದದ ಗೊಂಚಲು ಹಿಡಿದು ಕೂಗುತ್ತಿದ್ದ ಪುಟ್ಟ ಹುಡುಗಿ ನೀನು. ಕೂಗುವುದು ಕುಣಿತವಾಯಿತು, ಕುಣಿತ ಪಲ್ಟಿಯಾಯಿತು, ಪಲ್ಟಿ ಹೊಡೆಯುತ್ತಾ ಹೊಡೆಯುತ್ತಾ ಅದು ನಿನ್ನ ಆಟವೇ ಆಯಿತು. ಆಡುವವರು ಗೆದ್ದರೋ ಸೋತರೋ ನೋಡದೆ ನಿನ್ನ ಹೆಜ್ಜೆಯನ್ನೇ ತಿದ್ದಿಕೊಳ್ಳುತ್ತಿದ್ದೆ. ಅದನ್ನು ನೋಡಿ ನನಗೆ ಆದ ಸಂತೋಷ ನಿನಗೆ ಗೊತ್ತಿಲ್ಲ, ಯಾಕೆಂದರೆ ನಮ್ಮ ಕಾಲದಲ್ಲಿ ಅದು ಸಿಗುತ್ತಿರಲಿಲ್ಲ.

ನಾನು ಹುಟ್ಟಿದ್ದು ಉಳ್ಳಾಲದ ಮೊಗವೀರಪಟ್ಣದ ಕಡೆ. ನವರಾತ್ರಿ ಬಂದರೆ ತಾಸೆಯ ಸದ್ದು ದೂರದಲ್ಲಿರುವಾಗಲೇ ಎದೆ ಹೊಡೆದುಕೊಳ್ಳುತ್ತಿತ್ತು. ಅಣ್ಣ ಪಿಲಿವೇಷ, ಅಂದರೆ ಹುಲಿವೇಷ, ಹಾಕುತ್ತಿದ್ದ. ಹಿಂದಿನ ರಾತ್ರಿ ಕೈ ಚಾಚಿ ನಿಂತರೆ ಬೆಳಗಿನವರೆಗೂ ಬಣ್ಣ ಬಳಿಯುತ್ತಿದ್ದರು. ಒಣಗುವ ತನಕ ಕೂರುವಂತಿಲ್ಲ, ಒರಗುವಂತಿಲ್ಲ. ಮರುದಿನ ಮನೆಮನೆಯ ಅಂಗಳದಲ್ಲಿ ಕುಣಿತ, ಬೆನ್ನು ಹಿಂದಕ್ಕೆ ಬಾಗಿಸಿ ನೆಲದ ಮೇಲಿನ ನೋಟನ್ನು ಬಾಯಿಂದ ಎತ್ತುವುದು, ಗಟ್ಟಿಗರಾದರೆ ಅಕ್ಕಿ ಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಂದಕ್ಕೆ ಹಾರಿಸುವುದು. ನೋಡಲು ಬಂದವರು ಇಷ್ಟನ್ನೇ ನೋಡಿ ಚಪ್ಪಾಳೆ ಹೊಡೆದು ಹೋಗುತ್ತಿದ್ದರು.

ನಾನು ನೋಡಿದ್ದು ಅದರ ಹಿಂದಿನದನ್ನು. ಹಬ್ಬಕ್ಕೆ ಬಹಳ ಮೊದಲೇ ಸಂಜೆ ಹೊತ್ತು ಕಡಲ ಬದಿಯ ಹೊಯಿಗೆಯ ಮೇಲೆ ಅಭ್ಯಾಸ ಶುರುವಾಗುತ್ತಿತ್ತು. ನೀರು ಮುಟ್ಟಿ ಹೋದ ಕಡೆ ಹೊಯಿಗೆ ಕಲ್ಲಿನಷ್ಟು ಗಟ್ಟಿ, ಮೇಲಿನ ಒಣ ಹೊಯಿಗೆಯಲ್ಲಿ ಪಾದ ಹೂತು ಕಾಲಿನ ಮಣಿಗಂಟು ತಿರುಚುತ್ತದೆ. ಎರಡರ ನಡುವೆ ಒಂದು ಪಟ್ಟಿಯಷ್ಟು ಜಾಗ ಮಾತ್ರ ಪಲ್ಟಿಗೆ ಸರಿ. ಕಲಿಸುವ ಹಿರಿಯರು ದಿನಾ ಬರಿಗಾಲಲ್ಲಿ ನಡೆದು, ಹಿಮ್ಮಡಿಯಿಂದ ಒತ್ತಿ ಆ ಪಟ್ಟಿಯನ್ನು ಹುಡುಕುತ್ತಿದ್ದರು. ಆಮೇಲೆ ಹುಡುಗನ ಸೊಂಟದ ಕೆಳಗೆ ಅಂಗೈ ಇಟ್ಟು ನಿಲ್ಲುತ್ತಿದ್ದರು. ಹುಡುಗ ಹಿಂದಕ್ಕೆ ಹಾರಿದಾಗ ಆ ಅಂಗೈ ಅವನನ್ನು ತಿರುಗಿಸಿ ನೆಲಕ್ಕೆ ಇಳಿಸುತ್ತಿತ್ತು. ವಾರ ಕಳೆದಂತೆ ಅಂಗೈ ಬೆರಳಾಗುತ್ತಿತ್ತು, ಬೆರಳು ಬರೇ ನೆಪವಾಗುತ್ತಿತ್ತು, ಒಂದು ಸಂಜೆ ಹುಡುಗನಿಗೆ ತಿಳಿಯದ ಹಾಗೆ ಹಿರಿಯರು ಕೈ ತೆಗೆದುಬಿಡುತ್ತಿದ್ದರು. ಆದರೂ ಅವರು ಅಲ್ಲಿಂದ ಕದಲುತ್ತಿರಲಿಲ್ಲ.

ಹುಡುಗಿಯರು ದೂರ ನಿಂತು ನೋಡಬೇಕಿತ್ತು. ತಾಸೆ ಕೇಳಿಸಿದರೆ ನಾನು ಹಿತ್ತಿಲಿಗೆ ಓಡಿ ಮೀನು ಒಣಗಿಸುವ ಚಾಪೆ ಸರಿಸಿ ಹೆಜ್ಜೆ ಹಾಕುತ್ತಿದ್ದೆ. ಅಮ್ಮ ನೋಡಿದರೆ ಬೈಗುಳ, ಅಜ್ಜಿ ನೋಡಿದರೆ ಬೆತ್ತ. ಈಗ ಮಂಗಳೂರು, ಉಡುಪಿಯಲ್ಲಿ ಹುಡುಗಿಯರೂ ಹುಲಿಬಣ್ಣ ಹಚ್ಚಿ ಬೀದಿಗೆ ಇಳಿಯುತ್ತಾರೆ. ಮೊದಲ ಸಲ ನೋಡಿದಾಗ ನನ್ನ ಕಣ್ಣಲ್ಲಿ ನೀರು ನಿಲ್ಲಲಿಲ್ಲ.

ನನಗೆ ದಕ್ಕಿದ್ದು ಶಾಲೆಯ ಡ್ರಿಲ್. ಡಂಬೆಲ್ಸ್, ಲೇಜಿಮ್, ಕೊನೆಗೆ ಪಿರಮಿಡ್. ಹಗುರ ಇದ್ದವಳೆಂದು ನನ್ನನ್ನು ತುದಿಗೆ ಹತ್ತಿಸುತ್ತಿದ್ದರು. ಅಲ್ಲಿಂದ ಕಾಣುವ ಮೈದಾನವೇ ಬೇರೆ, ಅದು ನಿನಗೆ ನಾನು ಹೇಳಬೇಕಾಗಿಲ್ಲ. ಆದರೆ ಒಂದು ವರ್ಷ ಬೇರೊಂದು ಶಾಲೆಯ ಮೈದಾನದಲ್ಲಿ ನಾಲ್ಕಾರು ಶಾಲೆಗಳ ಮಕ್ಕಳನ್ನು ಕೂಡಿಸಿ ದೊಡ್ಡ ಪಿರಮಿಡ್ ಕಟ್ಟಿಸಿದರು. ಅತಿಥಿಗಳಿಗೆ ಚೆಂದ ಕಾಣಲಿ ಎಂದು ಬೆಳಿಗ್ಗೆ ಎತ್ತರ ನೋಡಿ ಸಾಲು ಬದಲಿಸಿದರು. ನನ್ನ ಪಕ್ಕದ ಪಿರಮಿಡ್ಡಿನ ತುದಿಯಲ್ಲಿದ್ದವಳು ನನ್ನ ಗೆಳತಿ. ಅವಳ ಹಿಂದೆ ನಿಂತವರಿಗೆ ಅವಳು ಯಾವ ಕಡೆಗೆ ವಾಲುತ್ತಾಳೆ ಎಂಬುದು ಗೊತ್ತಿರಲಿಲ್ಲ. ಅವಳು ಎಡಕ್ಕೆ ವಾಲಿದಳು, ಕೈಗಳು ಬಲಕ್ಕೆ ಚಾಚಿದವು. ಮುರಕಲ್ಲಿನ ಮೈದಾನ ಅದು. ಹೆಗಲ ಮೂಳೆ ಮುರಿಯಿತು. ನಾಟಿ ವೈದ್ಯರು ಕಟ್ಟಿದರು, ಮೂಳೆ ಕೂಡಿತು, ಕೈ ಮೇಲೆ ಬರಲಿಲ್ಲ. ಆ ಕೈಯಲ್ಲಿ ಅವಳು ಬೀಡಿ ಕಟ್ಟಿದಳು, ಮಕ್ಕಳನ್ನು ಸಾಕಿದಳು, ಆದರೆ ತನ್ನ ಜಡೆಯನ್ನು ತಾನು ಹೆಣೆದುಕೊಳ್ಳಲು ಅವಳಿಗೆ ಮತ್ತೆಂದೂ ಆಗಲಿಲ್ಲ.

ನಾನು ದೈಹಿಕ ಶಿಕ್ಷಣದ ತರಬೇತಿಗೆ ಹೋದದ್ದಕ್ಕೆ ಅವಳೇ ಕಾರಣ. ಟೀಚರಾದ ಮೇಲೆ ಪಿರಮಿಡ್ ಬಿಡಲಿಲ್ಲ. ಆದರೆ ಹತ್ತುವವಳಿಗೆ ಮೊದಲು ಹಿಡಿಯಲು ಕಲಿಸಿದೆ. ತಿಂಗಳುಗಟ್ಟಲೆ ಹಿಡಿದವಳಿಗೆ ಮಾತ್ರ ಹತ್ತುವ ಅವಕಾಶ. ನಿನ್ನ ಅಮ್ಮ ಎರಡು ವರ್ಷ ಹಿಂದಿನ ಸಾಲಿನಲ್ಲೇ ನಿಂತಳು, ಒಮ್ಮೆಯೂ ಗೊಣಗಲಿಲ್ಲ. ಕೇಳು ಬೇಕಾದರೆ.

ಇನ್ನು ಬೆಂಗಳೂರಿನ ಮಾತು. 2008ರ ಏಪ್ರಿಲ್ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್‌ನ ಮೊದಲ ಪಂದ್ಯ ನಡೆಯಿತು. ರಾಯಲ್ ಚಾಲೆಂಜರ್ಸ್‌ನವರು ಅಮೆರಿಕದ ವಾಷಿಂಗ್ಟನ್ ಫುಟ್ಬಾಲ್ ತಂಡದ ಚಿಯರ್‌ಲೀಡರ್‌ಗಳನ್ನು ಕರೆಸಿದ್ದರು. ಎದುರಾಳಿ ತಂಡದ ಮೆಕಲಮ್ 158 ರನ್ ಹೊಡೆದದ್ದು ಎಲ್ಲರಿಗೂ ನೆನಪಿದೆ. ನಮ್ಮ ಸ್ಟಾಫ್ ರೂಮಿನಲ್ಲಿ ಮರುದಿನ ಆ ಹೆಣ್ಣುಮಕ್ಕಳ ಬಟ್ಟೆಯದೇ ಚರ್ಚೆ. ನಾನು ಅವರ ಕಾಲನ್ನು ನೋಡಿದ್ದೆ. ವರ್ಷಗಟ್ಟಲೆ ಪಳಗಿದ ಕಾಲುಗಳು. ಅಷ್ಟು ಕಲಿತವರಿಗೆ ಅಲ್ಲಿ ಸಿಕ್ಕಿದ್ದು ಬೌಂಡರಿ ಬಿದ್ದಾಗ ಒಂದಷ್ಟು ಸೆಕೆಂಡ್.

ಚಿಯರ್‌ಲೀಡಿಂಗ್ ಆಟ ಅಲ್ಲ ಎಂದು ನಾನು ಹೇಳುವುದಿಲ್ಲ. 1898ರಲ್ಲಿ ಮಿನೆಸೋಟಾ ವಿಶ್ವವಿದ್ಯಾಲಯದ ಮೈದಾನದಲ್ಲಿ ಅದನ್ನು ಶುರುಮಾಡಿದವನು ಜಾನಿ ಕ್ಯಾಂಪ್‌ಬೆಲ್ ಎಂಬ ಹುಡುಗ. ಹೆಣ್ಣುಮಕ್ಕಳು ಬಂದದ್ದು 1920ರ ದಶಕದಲ್ಲಿ. ಎತ್ತುವುದು, ಎಸೆಯುವುದು, ಹಿಡಿಯುವುದು ಸೇರಿ ಅದೀಗ ಸ್ಪರ್ಧೆಯಾಗಿ ಬೆಳೆದಿದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಅದರ ಜಾಗತಿಕ ಒಕ್ಕೂಟಕ್ಕೆ 2021ರಲ್ಲಿ ಪೂರ್ಣ ಮಾನ್ಯತೆ ಕೊಟ್ಟಿತು. ಅಲ್ಲಿ ಪಾಯಿಂಟ್ ಇದೆ, ತೀರ್ಪುಗಾರರಿದ್ದಾರೆ, ಮ್ಯಾಟ್ ಇದೆ. ಮೇಲೆ ಹಾರುವವಳು ಫ್ಲೈಯರ್, ಕೆಳಗೆ ನಿಲ್ಲುವವರು ಬೇಸ್, ಹಿಂದಿನಿಂದ ಕಾಯುವವಳು ಸ್ಪಾಟರ್. ನೀನು ಪ್ರೀತಿಸುವುದು ಈ ಆಟವನ್ನು. ನಿನ್ನನ್ನು ಕರೆದಿರುವುದು ಇದಕ್ಕಲ್ಲ.

ಅಮೆರಿಕದಲ್ಲೇ ಚಿಯರ್‌ಲೀಡಿಂಗ್ ವಿಷಯಕ್ಕೆ ಕೋರ್ಟು ಕಚೇರಿ ಆಗಿದೆ, ತಿಳಿದುಕೋ. ವಿಸ್ಕಾನ್ಸಿನ್ ರಾಜ್ಯದ ಒಬ್ಬ ಶಾಲಾ ಹುಡುಗಿ ಅಭ್ಯಾಸದಲ್ಲಿ ಹಿಂದಕ್ಕೆ ಬಿದ್ದಳು. ಹಿಂದೆ ನಿಲ್ಲಬೇಕಿದ್ದ ಹುಡುಗ ಅಲ್ಲಿರಲಿಲ್ಲ, ಮ್ಯಾಟ್ ಹಾಸಿರಲಿಲ್ಲ, ತಲೆ ಟೈಲ್ಸ್ ನೆಲಕ್ಕೆ ಹೊಡೆಯಿತು. ಇದು ಮೈಗೆ ಮೈ ತಾಗುವ ಆಟ, ಹಾಗಾಗಿ ಆ ಹುಡುಗನ ಮೇಲೆ ನಿರ್ಲಕ್ಷ್ಯದ ದಾವೆ ನಿಲ್ಲದು ಎಂದು 2009ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಕನೆಕ್ಟಿಕಟ್‌ನ ಕ್ವಿನಿಪಿಯಾಕ್ ವಿಶ್ವವಿದ್ಯಾಲಯ ಹುಡುಗಿಯರ ವಾಲಿಬಾಲ್ ತಂಡವನ್ನು ಕೈಬಿಟ್ಟು ಚಿಯರ್ ತಂಡವನ್ನು ಹುಡುಗಿಯರ ಕ್ರೀಡೆಯ ಲೆಕ್ಕಕ್ಕೆ ತೋರಿಸಲು ಹೊರಟಿತು. ಅದನ್ನು ಕಾಲೇಜು ಕ್ರೀಡೆ ಎಂದು ಲೆಕ್ಕಕ್ಕೆ ಹಿಡಿಯುವಷ್ಟು ಅದಿನ್ನೂ ಬೆಳೆದಿಲ್ಲ ಎಂದು 2010ರಲ್ಲಿ ನ್ಯಾಯಾಧೀಶರು ಹೇಳಿದರು. ಬಿದ್ದಾಗ ಆಟ, ಸೌಲಭ್ಯ ಕೇಳಿದಾಗ ಆಟವಲ್ಲ. 2014ರಲ್ಲಿ ಓಕ್ಲೆಂಡ್ ರೈಡರ್ಸ್ ಫುಟ್ಬಾಲ್ ತಂಡದ ಚಿಯರ್‌ಲೀಡರ್‌ಗಳು ಅಭ್ಯಾಸದ ಗಂಟೆಗಳಿಗೆ ಸಂಬಳವಿಲ್ಲವೆಂದು ದಾವೆ ಹೂಡಿದರು. ಮರುವರ್ಷ ಕ್ಯಾಲಿಫೋರ್ನಿಯಾ ಕಾನೂನು ಮಾಡಿ ಅವರನ್ನು ಉದ್ಯೋಗಿಗಳೆಂದು ಒಪ್ಪಬೇಕಾಯಿತು. ಅಷ್ಟು ಹಳೆಯ, ಅಷ್ಟು ಶ್ರೀಮಂತ ಆಟದಲ್ಲಿ ಅವರ ಗತಿ ಅದಾದರೆ, ಫೋನಿನಲ್ಲಿ ಕರೆದ ಕಂಪನಿಯವರು ನಿನಗೆ ಏನು ಕೊಟ್ಟಾರು?

ಆ ಕಡೆಯ ಮಾತನ್ನೂ ಹೇಳುತ್ತೇನೆಂದಿದ್ದೆ, ಹೇಳುತ್ತೇನೆ. ಕೈಗೆ ಹಣ ಬರುತ್ತದೆ. ಊರು ನೋಡುತ್ತೀ. ಸಾವಿರಾರು ಜನರೆದುರು ಹೆದರದೆ ನಿಲ್ಲಲು ಕಲಿಯುತ್ತೀ. ಅಮ್ಮನ ಬೀಡಿಯ ಮಜೂರಿಯ ಮೇಲೆ ನಡೆಯುವ ಮನೆಗೆ ಮೊದಲ ಸಂಬಳ ತರುವ ಹೆಮ್ಮೆ ಸಣ್ಣದಲ್ಲ. ಇದನ್ನು ನಾನು ಹಗುರ ಮಾಡುವುದಿಲ್ಲ.

ಆದರೆ ಅಲ್ಲಿ ನಿನ್ನ ಪಕ್ಕ ನಿಲ್ಲುವವರು ಯಾರು? ಪಂದ್ಯಕ್ಕೆ ಸ್ವಲ್ಪ ಮೊದಲು ಎಲ್ಲೆಲ್ಲಿಂದಲೋ ಬಂದು ಸೇರುವವರು. ಅವರ ಕೈಯ ಬಲ ನಿನಗೆ ಗೊತ್ತಿಲ್ಲ, ನೀನು ವಾಲುವ ಕಡೆ ಅವರಿಗೆ ಗೊತ್ತಿಲ್ಲ. ಯಾರಾದರೂ ‘ಒಂದು ಲಿಫ್ಟ್ ಮಾಡಿ, ಕ್ಯಾಮೆರಾ ಇದೆ’ ಎಂದರೆ ನೀನು ಹತ್ತುತ್ತೀ. ಹತ್ತುವುದಿಲ್ಲ ಎಂದು ನನಗೆ ಹೇಳಬೇಡ. ಬಂಡೆಯ ಮೇಲೆ ಹತ್ತಿದವಳು ನೀನು! ನಾಲ್ಕು ಜನ ಲೈಕ್ ಒತ್ತಲಿ ಎಂದು ಬೆನ್ನೆಲುಬನ್ನು ಪಣಕ್ಕಿಟ್ಟವಳಿಗೆ ಕ್ರೀಡಾಂಗಣ ತುಂಬ ಜನ ಕೂಗಿದರೆ ಬುದ್ಧಿ ನೆಟ್ಟಗಿರುತ್ತದೆಯಾ? ನಿನ್ನ ಇಬ್ಬರು ಗೆಳತಿಯರಿಗೆ ಏನಾದರೂ ಆಗಿದ್ದರೆ ಅವರ ಮನೆಯವರಿಗೆ ಯಾವ ಮುಖ ತೋರಿಸುತ್ತಿದ್ದೆ?

ಬೈದೆ. ಬೇಜಾರು ಮಾಡಿಕೊಳ್ಳಬೇಡ. ನಿನ್ನ ಮೈಯಲ್ಲಿ ಇರುವಂಥ ಹದ ನಾನು ಕಲಿಸಿದ ಮಕ್ಕಳಲ್ಲಿ ಬಹಳ ಮಂದಿಯಲ್ಲಿ ಕಂಡದ್ದಿಲ್ಲ. ಅದು ಪೋಲಾಗುತ್ತದಲ್ಲ ಎಂಬ ಸಂಕಟಕ್ಕೆ ಇಷ್ಟೆಲ್ಲ.

ನಿನ್ನ ಮೈ ಕಲಿತದ್ದಕ್ಕೆ ಇಲ್ಲೇ ದಾರಿಗಳಿವೆ. ಮೂಡುಬಿದಿರೆಯಲ್ಲಿ ಆಳ್ವಾಸ್ ಶಿಕ್ಷಣ ಸಂಸ್ಥೆಯ ಮಕ್ಕಳು ಹಗ್ಗದ ಮೇಲೆ, ಕಂಬದ ಮೇಲೆ ಮಲ್ಲಕಂಬ ಆಡುವುದನ್ನು ಹೋಗಿ ನೋಡು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲೇ ಅದರ ಪ್ರಸ್ತಾಪ ಇದೆ ಎನ್ನುತ್ತಾರೆ. ಈಗ ಖೇಲೊ ಇಂಡಿಯಾ ಕ್ರೀಡಾಕೂಟದಲ್ಲಿ ಅದಕ್ಕೆ ಪದಕ ಇದೆ. ಜಿಮ್ನಾಸ್ಟಿಕ್ಸ್ ಇದೆ. ಬಿ.ಪಿ.ಎಡ್. ಮಾಡಿದರೆ ನನ್ನ ಕೆಲಸವೇ ನಿನಗೆ ಸಿಗಬಹುದು, ಶಾಲೆಗಳಿಗೆ ಈಗಲೂ ಒಳ್ಳೆಯ ಪಿ.ಟಿ. ಟೀಚರ್ ಬೇಕು. ಕಾರ್ಕಳದ ಹೆರ್ಮುಂಡೆಯ ಮಮತಾ ಪೂಜಾರಿಯನ್ನು ನೆನೆಸಿಕೋ. ಹಳ್ಳಿಯ ಮೈದಾನದಿಂದ ಹೊರಟು 2010 ಮತ್ತು 2014ರ ಏಷ್ಯನ್ ಗೇಮ್ಸ್‌ನಲ್ಲಿ ಕಬಡ್ಡಿಯ ಚಿನ್ನ ಗೆದ್ದಳು, ಅರ್ಜುನ ಪ್ರಶಸ್ತಿ ಪಡೆದಳು, ರೈಲ್ವೆಯಲ್ಲಿ ಕೆಲಸ ಸಿಕ್ಕಿತು. ಅವಳ ಬೆನ್ನಿಗೆ ಒಂದು ತಂಡ ಇತ್ತು, ವರ್ಷವಿಡೀ ಅದೇ ತಂಡ. ನಿನಗೂ ಬೇಕಾದದ್ದು ಅದು.

ಊರಿನ ಹಿರಿಯರಿಗೂ ಒಂದು ಮಾತು. ಮೊಸರು ಕುಡಿಕೆಗೆ ಮಕ್ಕಳನ್ನು ಮೇಲೆ ಹತ್ತಿಸುತ್ತೀರಿ, ಶಾಲಾ ವಾರ್ಷಿಕೋತ್ಸವಕ್ಕೆ ಪಿರಮಿಡ್ ಕಟ್ಟಿಸುತ್ತೀರಿ. ಶಾಮಿಯಾನಕ್ಕೆ, ಧ್ವನಿವರ್ಧಕಕ್ಕೆ, ಹಾರ ತುರಾಯಿಗೆ ಸುರಿಯುವ ದುಡ್ಡಿನಲ್ಲಿ ಎರಡು ದಪ್ಪ ಮ್ಯಾಟ್ ತನ್ನಿ. ಅಭ್ಯಾಸಕ್ಕೆ ಹಿಡಿದವರನ್ನೇ ಪ್ರದರ್ಶನದ ದಿನವೂ ಹಿಡಿಯಲು ನಿಲ್ಲಿಸಿ.

ಮಗಾ, ಬೆಂಗಳೂರಿನವರ ಕರಾರುಪತ್ರಕ್ಕೆ ಸಹಿ ಹಾಕುವ ಮೊದಲು ನಾಲ್ಕು ಪ್ರಶ್ನೆ ಕೇಳು. ಅಭ್ಯಾಸದ ದಿನಗಳಿಗೆ ಸಂಬಳ ಇದೆಯಾ? ನೆಲಕ್ಕೆ ಏನು ಹಾಸುತ್ತಾರೆ? ನಿನ್ನನ್ನು ಹಿಡಿಯುವವರು ಯಾರು, ಅವರೊಂದಿಗೆ ಎಷ್ಟು ದಿನ ಅಭ್ಯಾಸ? ಬಿದ್ದರೆ ಆಸ್ಪತ್ರೆಯ ಖರ್ಚು ಯಾರದು? ಬಾಯಿಮಾತು ಬೇಡ, ಬರವಣಿಗೆಯಲ್ಲಿ ಕೇಳು. ನಾಲ್ಕಕ್ಕೂ ಸರಿಯಾದ ಉತ್ತರ ಬಂದರೆ ನಾನೇ ನಿನ್ನನ್ನು ಬಸ್ಸು ಹತ್ತಿಸುತ್ತೇನೆ. ಒಂದಕ್ಕೆ ಬಾರದಿದ್ದರೂ ಹೋಗಬೇಡ, ಕಾಲೇಜಿಗೆ ಸೇರು.

ನಿನ್ನ ಟೀಚರ್,
ಉಳ್ಳಾಲ