ಮಾರ್ಚ್ ತಿಂಗಳ ಸೀಟಿ ಯಾರ ಕೈಗೆ?

ಬ್ರಿಡ್ಜ್‌ವಾಟರ್-ರಾರಿಟನ್ ಹೈಸ್ಕೂಲಿನ ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೆ ಹೋದರೆ ನಾವು ಆಟಗಾರರ ಹೆಸರು ಕೂಗ್ತೀವಿ. ಪಟ್ಟೆ ಅಂಗಿಯ ರೆಫರಿ ನೆನಪಾಗೋದು ಬೈಯೋದಕ್ಕೆ ಮಾತ್ರ! ಹಗಲು ಬೇರೆ ನೌಕರಿ, ಸಂಜೆ ಚಳಿಯಲ್ಲಿ ಕಾರು ಓಡಿಸಿ ಇಲ್ಲಿಗೆ. ಸಿಗುವ ಹಣದಲ್ಲಿ ಸಂಸಾರ ನಡೆಯೋದಿಲ್ಲ. ಮತ್ತೆ ಯಾಕೆ ಬರ್ತಾರೆ?

ಆಟದ ಪ್ರೀತಿ ಒಂದು ಕಾರಣ. ಇನ್ನೊಂದು, ಸೀಸನ್ ಮುಗಿದ ಮೇಲಿನ ಪಂದ್ಯಗಳು. ನ್ಯೂಜೆರ್ಸಿಯ ಶಾಲಾ ಕ್ರೀಡಾ ಸಂಸ್ಥೆ ಎನ್‌ಜೆಎಸ್‌ಐಎಎ ನಡೆಸುವ ರಾಜ್ಯ ಟೂರ್ನಮೆಂಟಿಗೆ ಎಲ್ಲ ರೆಫರಿಗಳಿಗೂ ಕರೆ ಬರುವುದಿಲ್ಲ. ಸುತ್ತು ಮುಂದಕ್ಕೆ ಹೋದಂತೆ ಪಂದ್ಯಗಳೇ ಕಡಿಮೆ.

ಇದನ್ನು ಅರ್ಥಮಾಡಿಕೊಳ್ಳಲು ವಿಕ್ಟರ್ ವ್ರೂಮ್ 1964ರಲ್ಲಿ ಮಂಡಿಸಿದ ನಿರೀಕ್ಷಾ ಸಿದ್ಧಾಂತ ನೆರವಾಗುತ್ತದೆ. ಮನುಷ್ಯ ಮೂರು ವಿಷಯ ತೂಗಿ ನೋಡುತ್ತಾನೆ: ಶ್ರಮಪಟ್ಟರೆ ಚೆನ್ನಾಗಿ ಮಾಡಬಲ್ಲೆನೇ? ಚೆನ್ನಾಗಿ ಮಾಡಿದರೆ ಫಲ ಸಿಗುತ್ತದೆಯೇ? ಆ ಫಲ ನನಗೆ ಬೇಕೇ? ಇವನ್ನು ಕೂಡಿಸುವುದಲ್ಲ, ಗುಣಿಸುವುದು. ಒಂದು ಸೊನ್ನೆಯಾದರೆ ಎಲ್ಲವೂ ಸೊನ್ನೆ.

ಫೈನಲ್ ಬೇಡ ಅನ್ನೋ ರೆಫರಿ ಅಪರೂಪ. ನಿಯಮ ಓದುವುದು, ಓಡುವ ಶಕ್ತಿ ಉಳಿಸಿಕೊಳ್ಳುವುದು ಅವರ ಕೈಯಲ್ಲೇ ಇದೆ. ತೊಡಕಿರುವುದು ನಡುವಿನ ಪ್ರಶ್ನೆಯಲ್ಲಿ. ಪ್ರತಿ ವರ್ಷ ಅದೇ ಮುಖಗಳು ಕಂಡರೆ, ‘ಇಲ್ಲೂ ವಶೀಲಿ ಬೇಕಪ್ಪಾ’ ಅಂತ ಹೊಸಬರಿಗೆ ಅನ್ನಿಸಿಬಿಡುತ್ತೆ. ಆಯ್ಕೆ ನ್ಯಾಯವಾಗಿಯೇ ನಡೆದಿದ್ದರೂ, ಕಾರಣ ತಿಳಿಸದಿದ್ದರೆ ಫಲಿತಾಂಶ ಅದೇ.

2018-19ರ ನಂತರ ಅಮೆರಿಕದಾದ್ಯಂತ ಶಾಲಾ ಕ್ರೀಡೆಗಳ ಸುಮಾರು 50,000 ತೀರ್ಪುಗಾರರು ಕೆಲಸ ಬಿಟ್ಟರೆಂದು ರಾಷ್ಟ್ರೀಯ ಒಕ್ಕೂಟ ಎನ್‌ಎಫ್‌ಎಚ್‌ಎಸ್ ಹೇಳಿದೆ. ಪ್ರೇಕ್ಷಕರ ಬೈಗುಳ ಅದಕ್ಕೊಂದು ದೊಡ್ಡ ಕಾರಣ. ಅದನ್ನು ಮಾರ್ಚ್ ತಿಂಗಳ ಒಂದು ಪಂದ್ಯ ಅಳಿಸಲಾರದು. ಆದರೆ ಮೂರನೇ ವರ್ಷದ ರೆಫರಿಗೆ ಮೊದಲ ಸುತ್ತಿನ ಒಂದೇ ಒಂದು ಪಂದ್ಯ ಸಿಕ್ಕರೂ, ಮುಂದಿನ ಡಿಸೆಂಬರ್‌ನಲ್ಲಿ ಆತ ಮತ್ತೆ ಸೀಟಿ ಹುಡುಕಬಹುದು.