ಅತಿಥಿಗೂ ಒಂದು ಕೆಲಸ

ಸಂತ ಬೆನೆಡಿಕ್ಟರು ಆರನೆಯ ಶತಮಾನದಲ್ಲಿ ಇಟಲಿಯಲ್ಲಿ ಬರೆದ ಮಠನಿಯಮದಲ್ಲಿ 73 ಅಧ್ಯಾಯಗಳಿವೆ. ಅವುಗಳಲ್ಲಿ 53ನೆಯದು ಅತಿಥಿಗಳ ಕುರಿತದ್ದು. ಬಾಗಿಲಿಗೆ ಬಂದವರನ್ನು ಕ್ರಿಸ್ತನೇ ಬಂದನೆಂದು ಬರಮಾಡಿಕೊಳ್ಳಬೇಕು, ಬಡವರನ್ನೂ ಯಾತ್ರಿಕರನ್ನೂ ಇನ್ನಷ್ಟು ಕಾಳಜಿಯಿಂದ ನೋಡಿಕೊಳ್ಳಬೇಕು ಎನ್ನುತ್ತದೆ ಅದು. ಸಿರಿವಂತರ ಮಾತು ಬೇರೆ. ಅವರ ಬಗೆಗಿನ ಅಂಜಿಕೆಯೇ ಅವರಿಗೆ ಮರ್ಯಾದೆ ತಂದುಕೊಡುತ್ತದೆ. ಅದೇ ಅಧ್ಯಾಯದ ಕೊನೆಯಲ್ಲಿ ಇನ್ನೊಂದು ಕಟ್ಟಳೆಯಿದೆ: ಅಪ್ಪಣೆಯಿಲ್ಲದೆ ಯಾರೂ ಅತಿಥಿಯೊಡನೆ ಮಾತಿಗೆ ನಿಲ್ಲಕೂಡದು. ಎದುರಾದರೆ ತಲೆಬಾಗಿ, ಆಶೀರ್ವಾದ ಬೇಡಿ, ಮುಂದೆ ಸಾಗಬೇಕು. ಬೆನೆಡಿಕ್ಟೈನ್ ಮಠದಲ್ಲಿ ನಾಲ್ಕು ದಿನ ಇದ್ದವರಿಗೆ ಮೊದಲು ಅನುಭವಕ್ಕೆ ಬರುವುದು ಈ ಎರಡನೆಯ ಮಾತೇ.

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಬೆತ್ಲೆಹೆಮ್ ಊರಿನಲ್ಲಿರುವ ರೆಜಿನಾ ಲಾಡಿಸ್ ಈ ಪರಂಪರೆಯ ಸನ್ಯಾಸಿನಿಯರ ಮಠ. ಅಮೆರಿಕ ಮೂಲದ ವೈದ್ಯೆ, ಮದರ್ ಬೆನೆಡಿಕ್ಟ್ ಡಸ್, ಫ್ರಾನ್ಸಿನ ಜುವಾರ್ ಮಠದಲ್ಲಿದ್ದರು. 1944ರ ಆಗಸ್ಟ್‌ನಲ್ಲಿ ಅಮೆರಿಕದ ಸೇನೆ ಬಂದು ಆ ಊರನ್ನು ಜರ್ಮನರ ಹಿಡಿತದಿಂದ ಬಿಡಿಸಿತು. ಆ ಋಣ ತೀರಿಸಲೆಂದೇ ಅವರು ಸ್ವದೇಶಕ್ಕೆ ಮರಳಿ 1947ರಲ್ಲಿ ಈ ಮಠ ಕಟ್ಟಿದರು. ಹಾಲಿವುಡ್ ನಟಿ ಡೊಲೊರೆಸ್ ಹಾರ್ಟ್ 1963ರಲ್ಲಿ ಸೇರಿದ್ದು ಇಲ್ಲಿಗೇ.

ಮಠದ ದಿನ ಗಂಟೆಯ ಮೇಲೆ ನಡೆಯುತ್ತದೆ. ಹಗಲು ಏಳು ಸಲ, ರಾತ್ರಿ ಒಮ್ಮೆ ಪ್ರಾರ್ಥನೆ. ಬೈಬಲಿನ 150 ಕೀರ್ತನೆಗಳೂ ವಾರದೊಳಗೆ ಮುಗಿಯಬೇಕೆಂಬುದು ಬೆನೆಡಿಕ್ಟರ ಲೆಕ್ಕ. ರೆಜಿನಾ ಲಾಡಿಸ್‌ನಲ್ಲಿ ಅದು ಇಂದಿಗೂ ಲ್ಯಾಟಿನ್‌ನಲ್ಲಿ, ಗ್ರೆಗೋರಿಯನ್ ಧಾಟಿಯಲ್ಲಿ ಸಾಗುತ್ತದೆ. ಗಂಟೆ ಬಾರಿಸಿತೆಂದರೆ ಕಳೆ ಕೀಳುತ್ತಿದ್ದ ಕೈಯೂ ನಿಲ್ಲಬೇಕು, ಅತಿಥಿಯ ಜೊತೆಗಿನ ಮಾತೂ ನಿಲ್ಲಬೇಕು. ಅರ್ಧಕ್ಕೆ ಎದ್ದುಹೋದವರನ್ನು ಕಂಡು ಹೊಸಬರು ಮುಖ ಸಣ್ಣದು ಮಾಡಿಕೊಳ್ಳುವುದುಂಟು. ಬಲವಂತ ಮಾಡಿ ಇನ್ನೊಂದು ಸೌಟು ಬಡಿಸುವುದೇ ಉಪಚಾರ ಎಂದು ಬೆಳೆದವರಿಗಂತೂ ಈ ಆದರ ಸಪ್ಪೆಯೆನಿಸುತ್ತದೆ. ಊಟದ ಹೊತ್ತಿಗೆ ಮಾತಿಲ್ಲ, ಒಬ್ಬರು ಓದುತ್ತಾರೆ, ಉಳಿದವರು ಕೇಳುತ್ತಾರೆ. ಇದೂ ನಿಯಮದಲ್ಲೇ ಇದೆ.

ಆದರೆ ಅತಿಥಿಗಳ ಅಡುಗೆಮನೆ ಬೇರೆಯಿರಲಿ ಎಂದು ನಿಯಮ ಹೇಳುವುದು ದೂರವಿಡಲು ಅಲ್ಲ. ಬರುವವರಿಗೆ ಹೊತ್ತುಗೊತ್ತಿಲ್ಲ, ಅವರು ಯಾವಾಗ ಬಂದರೂ ಊಟ ಸಿಗಬೇಕು, ಒಳಗಿನವರ ಶಿಸ್ತೂ ಕೆಡಬಾರದು. ದಿನಚರಿ ಹೀಗೆ ಗಟ್ಟಿಯಾಗಿರುವುದರಿಂದಲೇ ಬಾಗಿಲು ತೆರೆದಿರಲು ಸಾಧ್ಯ. ಬಂದವರಿಗಾಗಿ ಪ್ರತಿಸಲವೂ ಕಾರ್ಯಕ್ರಮ ಬದಲಿಸುವ ಮನೆ ವರ್ಷಕ್ಕೆ ಎಷ್ಟು ನೆಂಟರನ್ನು ತಡೆದೀತು?

ಅತಿಥಿಗೆ ಇಲ್ಲಿ ಆಪ್ತತೆ ಸಿಗುವುದು ಕೆಲಸದಲ್ಲಿ. ಸುಮಾರು 400 ಎಕರೆಯ ಹೊಲ, ತೋಟ, ಕಾಡು, ಕೊಟ್ಟಿಗೆ ಇದೆ. ಉಳಿದುಕೊಳ್ಳಲು ಬಂದವರನ್ನೂ ಕರೆದು ಕೈಗೆ ಸಲಿಕೆ ಕೊಡುತ್ತಾರೆ. ಕೆಲಸದ ಪಾತ್ರೆಪದಾರ್ಥಗಳನ್ನು ಪೂಜೆಯ ಪಾತ್ರೆಗಳಂತೆ ನೋಡಿಕೊಳ್ಳಬೇಕೆಂದು ಉಗ್ರಾಣದ ಹೊಣೆ ಹೊತ್ತವರಿಗೆ ಬೆನೆಡಿಕ್ಟರು ಹೇಳಿದ್ದರು. ಅದು ಬರಿಯ ಭಕ್ತಿಯ ಮಾತಲ್ಲವೆಂದು ಇಲ್ಲಿನ ಮದರ್ ನೊಯೆಲ್ಲಾ ಮಾರ್ಸೆಲಿನೊ ಅವರ ಚೀಸ್ ತೋರಿಸುತ್ತದೆ. ಮರದ ಪೀಪಾಯಿ ಕೊಳಕು, ಸ್ಟೀಲ್ ಪಾತ್ರೆ ಬಳಸಿ ಎಂದು ಆರೋಗ್ಯ ತಪಾಸಕರು ಒತ್ತಾಯಿಸಿದಾಗ ಅವರು ಎರಡನ್ನೂ ಪರೀಕ್ಷೆಗಿಟ್ಟರು. ಮರದಲ್ಲಿ ನೆಲೆಸಿದ್ದ ಹಾಲು ಹುಳಿಸುವ ಜೀವಾಣುಗಳು ಕೆಟ್ಟ ಬ್ಯಾಕ್ಟೀರಿಯಾವನ್ನು ಅಡಗಿಸಿದ್ದವು. ಸ್ಟೀಲ್ ಪಾತ್ರೆಯಲ್ಲಿ ಅದು ಹೆಚ್ಚಿತ್ತು. ಪೀಪಾಯಿ ಉಳಿಯಿತು. ಮೊಸರಿನ ಮಡಕೆಯನ್ನು ತಲೆಮಾರುಗಟ್ಟಲೆ ಕಾಪಾಡಿದ ಅಜ್ಜಿಯರಿಗೆ ಇದರಲ್ಲಿ ಬೆರಗೇನೂ ಕಾಣದು.

ಇದೇ ನಿಯಮ ಬೆಂಗಳೂರಿನಲ್ಲೂ ಬೇರೂರಿದೆ. ಇಂಗ್ಲೆಂಡಿನ ವೈಟ್ ದ್ವೀಪದ ರೈಡ್ ಮಠದ ಶಾಖೆಯಾಗಿ ಹುಟ್ಟಿದ ಶಾಂತಿ ನಿಲಯ ಇಲ್ಲಿನ ಸನ್ಯಾಸಿನಿಯರ ಮಠ.

ಬೆನೆಡಿಕ್ಟೈನ್ ಮಠಗಳಲ್ಲಿ ಅನೇಕ ಕಡೆ ವಾಸ್ತವ್ಯಕ್ಕೆ ಇಂತಿಷ್ಟೆಂಬ ಬಾಡಿಗೆಯಿಲ್ಲ, ಕೈಲಾದಷ್ಟು ಕಾಣಿಕೆ ಹಾಕಿದರಾಯಿತು. ಹೊರಡುವ ಬೆಳಿಗ್ಗೆ ಮಾತ್ರ ಒಂದು ಕೆಲಸ ಉಳಿದಿರುತ್ತದೆ: ಹಾಸಿದ ಬಟ್ಟೆ ತೆಗೆದು ಒಗೆಯಲು ಹಾಕಿ, ಮುಂದೆ ಬರುವವರಿಗಾಗಿ ಮಡಿ ಬಟ್ಟೆ ಹಾಸಿಡುವುದು.