ಚಾಸಿಗೆ ಯಾವ ಬೆಸುಗೆ: ಮಿಗ್ ಅಥವಾ ಟಿಗ್?

ಕಾಮರ್ಸ್ ಓದುವವನಿಗೂ ವೆಲ್ಡಿಂಗ್‌ಗೂ ಏನು ಸಂಬಂಧ ಎಂದು ಕ್ಲಾಸಿನ ಸ್ನೇಹಿತರು ಕೇಳುತ್ತಾರೆ. ಕೋಲಾರದಲ್ಲಿ ನಮ್ಮ ಚಾಚಾ ಸಣ್ಣ ಗ್ಯಾರೇಜ್ ನಡೆಸುತ್ತಾರೆ. ಭಾನುವಾರ ಮತ್ತು ರಜೆಯಲ್ಲಿ ಅಲ್ಲಿ ಬಿಲ್ಲು, ಲೆಕ್ಕ ಬರೆಯುವುದು ನನ್ನ ಕೆಲಸ. ಟೊಮೆಟೊ ಸೀಸನ್ನಿನಲ್ಲಿ ಎಪಿಎಂಸಿ ಮಾರುಕಟ್ಟೆಗೆ ಹೋಗಿಬರುವ ಪಿಕಪ್‌ಗಳು ಚಾಸಿ ಬಿರುಕು ಬಿಟ್ಟುಕೊಂಡು ನಮ್ಮಲ್ಲಿಗೆ ಬರುತ್ತವೆ. ಗಾಡಿ ಮಾಲೀಕರಲ್ಲಿ ಹಲವರು, "ಆರ್ಗಾನ್ ಹಾಕಿ ಭಾಯ್, ಅದೇ ಗಟ್ಟಿ" ಎನ್ನುತ್ತಾರೆ. ಆ ಮಾತು ಕೇಳಿ ಕೇಳಿ ಚಾಚಾ ಈ ವರ್ಷ ಸಾಲ ಮಾಡಿ ಟಿಗ್ ಮಷೀನ್ ಕೊಳ್ಳಲು ಹೊರಟರು. "ಮೊದಲು ಲೆಕ್ಕ ಹಾಕಿ ನೋಡೋಣ" ಎಂದು ನಾನು ಹೇಳಿದೆ. ಆ ಲೆಕ್ಕ ಹಾಕುವಾಗ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಚಾಸಿ ಎಂದರೇನು?

ವಾಹನಗಳಲ್ಲಿ ಎರಡು ಮುಖ್ಯ ವಿಧಗಳಿವೆ. ಜೀಪ್, ಬೊಲೆರೊ, ಸ್ಕಾರ್ಪಿಯೊ, ಪಿಕಪ್, ಲಾರಿ ಇವಕ್ಕೆ ಏಣಿಯಂಥ ಚಾಸಿ ಇರುತ್ತದೆ. ಉದ್ದಕ್ಕೆ ಎರಡು ಉಕ್ಕಿನ ಪಟ್ಟಿ, ಅವುಗಳ ನಡುವೆ ಅಡ್ಡ ಪಟ್ಟಿಗಳು, ಮೇಲೆ ಬಾಡಿ. ಮಾರುತಿ 800, ಆಲ್ಟೊ, ಸ್ವಿಫ್ಟ್‌ನಂಥ ಕಾರುಗಳಲ್ಲಿ ಬೇರೆ ಚಾಸಿ ಇಲ್ಲ. ತೆಳು ತಗಡುಗಳನ್ನು ಮಡಚಿ ಸ್ಪಾಟ್ ವೆಲ್ಡ್ ಮಾಡಿದ ಬಾಡಿಯೇ ಭಾರ ಹೊರುತ್ತದೆ. ಇದಕ್ಕೆ ಮೊನೊಕಾಕ್ ಎನ್ನುತ್ತಾರೆ. ನಾನು ಇಲ್ಲಿ ಹೇಳುವುದು ಮುಖ್ಯವಾಗಿ ಏಣಿ ಚಾಸಿಯ ಬಗ್ಗೆ. ನಮ್ಮಲ್ಲಿ ಬಿಚ್ಚಿದ ಒಂದು ಪಿಕಪ್‌ನ ಪಟ್ಟಿಯನ್ನು ನಾನೇ ಅಳೆದೆ, ದಪ್ಪ 4 ಮಿ.ಮೀ. ಇತ್ತು.

ಪಟ್ಟಿಯನ್ನು ಕತ್ತರಿಸಿ ನೋಡಿದರೆ ಇಂಗ್ಲಿಷಿನ 'ಸಿ' ಅಕ್ಷರದ ಆಕಾರ ಅಥವಾ ಡಬ್ಬಿಯ ಆಕಾರ ಕಾಣುತ್ತದೆ. ಮೇಲಿನ ಮತ್ತು ಕೆಳಗಿನ ಅಂಚಿಗೆ ಫ್ಲ್ಯಾಂಜ್ ಎಂದು ಹೆಸರು. ಭಾರ ಬಿದ್ದು ಪಟ್ಟಿ ಬಾಗುವಾಗ ಹೆಚ್ಚು ಎಳೆತ ಈ ಅಂಚುಗಳ ಮೇಲೆ, ನಡುಭಾಗದ ಮೇಲೆ ಕಡಿಮೆ. ಆದ್ದರಿಂದ ಬಿರುಕು ಸಾಮಾನ್ಯವಾಗಿ ಅಂಚಿನಿಂದ, ಬೋಲ್ಟಿನ ತೂತಿನಿಂದ ಅಥವಾ ಹಳೆಯ ಬೆಸುಗೆಯ ಪಕ್ಕದಿಂದ ಶುರುವಾಗುತ್ತದೆ.

ಎರಡು ಮಷೀನ್, ಎರಡು ವಿಧಾನ

ಮಿಗ್‌ನಲ್ಲಿ ತೆಳುವಾದ ತಂತಿಯೇ ಎಲೆಕ್ಟ್ರೋಡ್. ಗನ್ ಒತ್ತಿದರೆ ತಂತಿ ಸುರುಳಿಯಿಂದ ತಾನೇ ಬರುತ್ತದೆ, ಕಿಡಿಯಲ್ಲಿ ಕರಗಿ ಬೆಸುಗೆಯಾಗುತ್ತದೆ. ಗಾಳಿ ತಾಗದಂತೆ ಸುತ್ತಲೂ ಕಾರ್ಬನ್ ಡೈಆಕ್ಸೈಡ್ ಅಥವಾ ಅದರೊಂದಿಗೆ ಆರ್ಗಾನ್ ಬೆರೆಸಿದ ಅನಿಲ ಹರಿಯುತ್ತದೆ. ಅದಕ್ಕೇ ಗ್ಯಾರೇಜ್‌ಗಳಲ್ಲಿ ಇದಕ್ಕೆ 'ಸಿಒಟು ವೆಲ್ಡಿಂಗ್' ಎಂಬ ಹೆಸರು. ತಂತಿ ತಾನೇ ಬರುವುದರಿಂದ ಒಂದೇ ಕೈ ಸಾಕು, ವೇಗವೂ ಹೆಚ್ಚು.

ಟಿಗ್‌ನಲ್ಲಿ ಎಲೆಕ್ಟ್ರೋಡ್ ಟಂಗ್‌ಸ್ಟನ್ ಕಡ್ಡಿ. ಅದರ ಕರಗುವ ಉಷ್ಣತೆ 3422 ಡಿಗ್ರಿ ಸೆಲ್ಸಿಯಸ್, ಆದ್ದರಿಂದ ಅದು ಕರಗಿ ಬೆಸುಗೆಗೆ ಸೇರುವುದಿಲ್ಲ, ಕಿಡಿ ಮಾತ್ರ ಕೊಡುತ್ತದೆ. ಬೆಸುಗೆಗೆ ಬೇಕಾದ ಲೋಹವನ್ನು ಇನ್ನೊಂದು ಕೈಯಲ್ಲಿ ಕಡ್ಡಿಯಾಗಿ ಹಿಡಿದು ಸ್ವಲ್ಪ ಸ್ವಲ್ಪ ಕೊಡಬೇಕು. ಕಾರ್ಬನ್ ಡೈಆಕ್ಸೈಡ್ ಬಿಟ್ಟರೆ ಟಂಗ್‌ಸ್ಟನ್ ಸುಟ್ಟುಹೋಗುತ್ತದೆ, ಹಾಗಾಗಿ ಶುದ್ಧ ಆರ್ಗಾನ್ ಬೇಕು. ಜನ ಇದನ್ನೇ 'ಆರ್ಗಾನ್ ವೆಲ್ಡಿಂಗ್' ಎನ್ನುವುದು. 1940ರ ದಶಕದ ಆರಂಭದಲ್ಲಿ ಅಮೆರಿಕದ ವಿಮಾನ ಕಾರ್ಖಾನೆಯಲ್ಲಿ ಮೆಗ್ನೀಷಿಯಂ ಬೆಸೆಯಲು ಈ ವಿಧಾನ ಬೆಳೆಯಿತು. ಮಿಗ್ ಅದೇ ದಶಕದ ಕೊನೆಗೆ ಬಂತು, ಉದ್ದೇಶ ವೇಗ.

'ಆರ್ಗಾನ್ ಗಟ್ಟಿ' ಎನ್ನುವುದು ನಿಜವೇ?

ಮಿಗ್ ತಂತಿಯ ಡಬ್ಬದ ಮೇಲೆ 'ಇಆರ್ 70ಎಸ್-6' ಎಂದು ಬರೆದಿರುತ್ತದೆ. ಇದರಲ್ಲಿ 70 ಎಂದರೆ ಬೆಸುಗೆ ಲೋಹ ಒಂದು ಚದರ ಇಂಚಿಗೆ ಕನಿಷ್ಠ 70,000 ಪೌಂಡ್ ಎಳೆತ ತಡೆಯಬೇಕು, ಅಂದರೆ ಸುಮಾರು 480 ಮೆಗಾಪ್ಯಾಸ್ಕಲ್. ಟಿಗ್‌ಗೆ ಮಾರುವ ಕಡ್ಡಿಯೂ ಇದೇ ಹೆಸರಿನಲ್ಲಿ, ಇದೇ ಮಿಶ್ರಣದಲ್ಲಿ ಸಿಗುತ್ತದೆ. ಹಾಗಾದರೆ ಮಷೀನ್ ಬದಲಾದ ಮಾತ್ರಕ್ಕೆ ಬೆಸುಗೆ ಗಟ್ಟಿಯಾಗುವುದಿಲ್ಲ. ಎರಡು ತುಂಡುಗಳ ಬೇರಿನವರೆಗೆ ಲೋಹ ಕರಗಿ ಒಂದಾಯಿತೇ, ಪಕ್ಕದ ಉಕ್ಕಿಗೆ ಎಷ್ಟು ಬಿಸಿ ತಾಗಿತು, ಬೆಸುಗೆ ಯಾವ ಜಾಗದಲ್ಲಿ ಬಿತ್ತು ಎಂಬ ಮೂರು ವಿಷಯಗಳ ಮೇಲೆ ಗಟ್ಟಿತನ ನಿಂತಿದೆ.

ಬಿಸಿಯ ಲೆಕ್ಕ

ಟಿಗ್ ನಯವಾಗಿ ಕಾಣುವುದರಿಂದ ಬಿಸಿ ಕಡಿಮೆ ಎಂದು ಹಲವರು ನಂಬುತ್ತಾರೆ. ಅಂಗಡಿಯವರು ಎರಡೂ ಮಷೀನ್ ತಂದು 4 ಮಿ.ಮೀ. ತಗಡಿನ ಮೇಲೆ ತೋರಿಸಿದಾಗ ನಾನು ಮೀಟರ್ ನೋಡಿ, ಫೋನಿನಲ್ಲಿ ಸಮಯ ಹಿಡಿದು ಬರೆದುಕೊಂಡೆ. ಸೂತ್ರ ಸರಳ: ವೋಲ್ಟ್ ಗುಣಿಸು ಆಂಪ್ ಗುಣಿಸು 60, ಇದನ್ನು ನಿಮಿಷಕ್ಕೆ ಎಷ್ಟು ಮಿ.ಮೀ. ಸಾಗಿತು ಎಂಬುದರಿಂದ ಭಾಗಿಸಿ, ಮತ್ತೆ 1000ದಿಂದ ಭಾಗಿಸಿದರೆ ಪ್ರತಿ ಮಿ.ಮೀ.ಗೆ ಎಷ್ಟು ಕಿಲೋಜೂಲ್ ಎಂದು ಬರುತ್ತದೆ. ಎಲ್ಲ ಬಿಸಿಯೂ ಲೋಹಕ್ಕೆ ಹೋಗುವುದಿಲ್ಲ, ಆದ್ದರಿಂದ ಮಿಗ್‌ಗೆ 0.8, ಟಿಗ್‌ಗೆ 0.6ರಿಂದ ಗುಣಿಸುವುದು ರೂಢಿ.

ಮಿಗ್: 20 ವೋಲ್ಟ್, 160 ಆಂಪ್, ನಿಮಿಷಕ್ಕೆ 350 ಮಿ.ಮೀ. ಉತ್ತರ 0.55, ಅದರ 0.8 ಭಾಗ ಸುಮಾರು 0.44 ಕಿಲೋಜೂಲ್.

ಟಿಗ್: 12 ವೋಲ್ಟ್, 150 ಆಂಪ್, ನಿಮಿಷಕ್ಕೆ 80 ಮಿ.ಮೀ. ಉತ್ತರ 1.35, ಅದರ 0.6 ಭಾಗ 0.81 ಕಿಲೋಜೂಲ್.

ಅಂದರೆ ಟಿಗ್ ನಿಧಾನವಾದ್ದರಿಂದ ಚಾಸಿಗೆ ಹೆಚ್ಚುಕಡಿಮೆ ಎರಡು ಪಟ್ಟು ಬಿಸಿ ಹೋಯಿತು. ಬಿಸಿ ಹೆಚ್ಚಾದಷ್ಟೂ ಪಟ್ಟಿ ಸೊಟ್ಟಗಾಗುತ್ತದೆ, ಬೆಸುಗೆಯ ಪಕ್ಕದಲ್ಲಿ ಉಕ್ಕಿನ ಗುಣ ಬದಲಾಗುವ ಜಾಗವೂ ಅಗಲವಾಗುತ್ತದೆ. ಚಾಸಿ ಸೊಟ್ಟಗಾದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ, ಟೈರು ಬೇಗ ಸವೆಯುತ್ತದೆ.

ಮಿಗ್ ಮೋಸ ಮಾಡುವ ಜಾಗ

ಹಾಗೆಂದು ಮಿಗ್ ಹಿಡಿದ ಕೂಡಲೇ ಎಲ್ಲ ಸರಿಯಾಗುವುದಿಲ್ಲ. ಟಿಗ್‌ನಲ್ಲಿ ಕೆಳಗಿನ ಉಕ್ಕು ಕರಗಿ ಕೊಳದಂತೆ ಆದ ಮೇಲಷ್ಟೇ ಕಡ್ಡಿ ಕೊಡುತ್ತಾರೆ. ಮಿಗ್‌ನಲ್ಲಿ ಕೆಳಗಿನ ಉಕ್ಕು ಕರಗಲಿ ಬಿಡಲಿ, ತಂತಿ ಬರುತ್ತಲೇ ಇರುತ್ತದೆ. ಕರೆಂಟ್ ಕಡಿಮೆ ಇಟ್ಟರೆ ಬೆಸುಗೆ ಮೇಲೆ ಅಂದವಾಗಿ ಕೂತಿರುತ್ತದೆ, ಒಳಗೆ ಅಂಟಿರುವುದೇ ಇಲ್ಲ. ಬೇರೆ ಕಡೆ ವೆಲ್ಡಿಂಗ್ ಮಾಡಿಸಿಕೊಂಡು ಬಂದ ಒಂದು ಪಿಕಪ್‌ನ ಪ್ಲೇಟನ್ನು ನಮ್ಮ ಉಸ್ತಾದ್ ಉಳಿ ಹಾಕಿ ಎರಡು ಏಟು ಹೊಡೆದರು. ಪ್ಲೇಟು ಬೆಸುಗೆ ಸಮೇತ ಎದ್ದು ಬಂತು. ಅದರ ಕೆಳಗೆ ಚಾಸಿಯ ಕಪ್ಪು ಬಣ್ಣವೂ ಹೋಗಿರಲಿಲ್ಲ. ಆ ಗಾಡಿ ಅದೇ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಹೆದ್ದಾರಿಯಲ್ಲಿ ಓಡಿತ್ತು, ಕ್ಯಾಬಿನ್ನಿನಲ್ಲಿ ಡ್ರೈವರ್ ಮತ್ತು ಅವರ ಮಗ ಕೂರುತ್ತಿದ್ದರು.

ಇದಕ್ಕೆ ಉಸ್ತಾದ್ ಹೇಳಿದ ಉಪಾಯ ಹೀಗಿದೆ. ಉಕ್ಕಿಗೆ ಪ್ರತಿ ಮಿ.ಮೀ. ದಪ್ಪಕ್ಕೆ ಸುಮಾರು 40 ಆಂಪ್ ಎಂದು ಶುರು ಮಾಡಬೇಕು. 4 ಮಿ.ಮೀ.ಗೆ 160. ಮೊದಲು ಅದೇ ದಪ್ಪದ ಎರಡು ತುಂಡು ಬೆಸೆದು, ವೈಸ್‌ನಲ್ಲಿ ಹಿಡಿದು ಸುತ್ತಿಗೆಯಿಂದ ಬಗ್ಗಿಸಬೇಕು. ಬೆಸುಗೆ ಬಿಡದೆ ತುಂಡು ಬಗ್ಗಿದರೆ ಮಾತ್ರ ಅದೇ ಸೆಟ್ಟಿಂಗ್‌ನಲ್ಲಿ ಚಾಸಿ ಮುಟ್ಟಬೇಕು. ಬಣ್ಣ, ತುಕ್ಕು, ಗ್ರೀಸ್ ಎಲ್ಲ ಗ್ರೈಂಡರ್ ಹಿಡಿದು ಹೊಳೆಯುವವರೆಗೆ ತೆಗೆಯಬೇಕು. ಫ್ಯಾನ್ ಆರಿಸಬೇಕು, ಗಾಳಿ ಬೀಸಿದರೆ ಅನಿಲ ಹಾರಿ ಬೆಸುಗೆಯೊಳಗೆ ಗುಳ್ಳೆ ಉಳಿಯುತ್ತದೆ.

ಟಿಗ್ ಎಲ್ಲಿ ಬೇಕೇ ಬೇಕು?

ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಆದರೆ ಅದರ ಮೇಲಿನ ಆಕ್ಸೈಡ್ ಪದರ ಕರಗಲು 2000 ಡಿಗ್ರಿಗಿಂತ ಹೆಚ್ಚು ಬೇಕು. ಎಸಿ ಕರೆಂಟಿನ ಟಿಗ್ ಆ ಪದರವನ್ನು ಒಡೆಯುತ್ತಾ ಬೆಸೆಯುತ್ತದೆ. ಅಲ್ಯೂಮಿನಿಯಂ ರೇಡಿಯೇಟರ್, ಇಂಟರ್‌ಕೂಲರ್, ತೆಳು ಸ್ಟೇನ್‌ಲೆಸ್ ಸೈಲೆನ್ಸರ್ ಇವಕ್ಕೆ ಟಿಗ್ ಸರಿ. ರೇಸ್ ಕಾರುಗಳ ಕ್ರೋಮ್-ಮಾಲಿ ಕೊಳವೆಯ ಚೌಕಟ್ಟಿಗೂ ಹೆಚ್ಚಾಗಿ ಟಿಗ್ ಬಳಸುತ್ತಾರೆ, ಏಕೆಂದರೆ ಅಲ್ಲಿ ಕೊಳವೆ ತೆಳು, ಜೋಡಣೆ ನಿಖರ, ಟೇಬಲ್ ಮೇಲಿಟ್ಟು ನಿಧಾನವಾಗಿ ಮಾಡಲು ಸಮಯವಿದೆ. ಗಾಡಿಯ ಕೆಳಗೆ ಮಲಗಿ, ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಕಡ್ಡಿ ಹಿಡಿದು ತಲೆಯ ಮೇಲಿನ ಚಾಸಿಗೆ ಟಿಗ್ ಮಾಡುವುದು ತುಂಬಾ ಕಷ್ಟ.

ಹೊಸ ಮೊನೊಕಾಕ್ ಕಾರುಗಳ ಬಾಗಿಲ ಕಂಬಗಳಲ್ಲಿ ಬೋರಾನ್ ಉಕ್ಕು ಇರಬಹುದು. ಅದರ ಬಲ ಬಂದದ್ದೇ ಕಾರ್ಖಾನೆಯಲ್ಲಿ ಕಾಯಿಸಿ ತಣಿಸಿದ್ದರಿಂದ. ನಾವು ಮತ್ತೆ ಕಾಯಿಸಿದರೆ ಆ ಬಲ ಹೋಗುತ್ತದೆ. ಅಲ್ಲಿ ಎರಡೂ ಮಷೀನ್ ಬೇಡ, ಕಂಪನಿಯ ರಿಪೇರಿ ಪುಸ್ತಕ ಹೇಳಿದಂತೆಯೇ ಮಾಡಬೇಕು.

ಹಣದ ಲೆಕ್ಕ

ಒಂದು ಪಿಕಪ್‌ಗೆ ಎರಡು ಬದಿ ಸೇರಿ 1400 ಮಿ.ಮೀ. ಬೆಸುಗೆ ಎಂದುಕೊಳ್ಳಿ. ಮಿಗ್‌ಗೆ ಕಿಡಿ ಸಮಯ 4 ನಿಮಿಷ, ಟಿಗ್‌ಗೆ ಹದಿನೇಳೂವರೆ ನಿಮಿಷ. ಮಿಗ್‌ಗೆ ನಿಮಿಷಕ್ಕೆ 12 ಲೀಟರ್‌ನಂತೆ 48 ಲೀಟರ್ ಸಿಒಟು, ಟಿಗ್‌ಗೆ 10 ಲೀಟರ್‌ನಂತೆ 175 ಲೀಟರ್ ಆರ್ಗಾನ್. ದೊಡ್ಡ ಆರ್ಗಾನ್ ಸಿಲಿಂಡರ್‌ನಲ್ಲಿ 7 ಕ್ಯೂಬಿಕ್ ಮೀಟರ್, ಅಂದರೆ 7000 ಲೀಟರ್ ಇರುತ್ತದೆ, ಇಂಥ 40 ಕೆಲಸಕ್ಕೆ ಖಾಲಿ. 30 ಕೆ.ಜಿ. ಸಿಒಟು ಅನಿಲವಾದಾಗ ಸುಮಾರು 16,000 ಲೀಟರ್, ಲೆಕ್ಕದ ಪ್ರಕಾರ 330 ಕೆಲಸಕ್ಕೆ ಬರುತ್ತದೆ. ಸೋರಿಕೆ, ವ್ಯರ್ಥ ಎಲ್ಲ ಕಳೆದರೂ ವ್ಯತ್ಯಾಸ ದೊಡ್ಡದು. ಇದು ಬದಲಾಗುವ ವೆಚ್ಚ.

ಇನ್ನು ಸ್ಥಿರ ವೆಚ್ಚ. ಉದಾಹರಣೆಗೆ ಟಿಗ್ ಮಷೀನ್ ಬೆಲೆ 60,000 ರೂ., 5 ವರ್ಷದ ನಂತರ ಮಾರಿದರೆ 10,000 ರೂ. ಎಂದು ಇಟ್ಟುಕೊಳ್ಳೋಣ. ನೇರ ರೇಖಾ ವಿಧಾನದಲ್ಲಿ ವರ್ಷಕ್ಕೆ ಸವಕಳಿ 10,000 ರೂ. ಒಂದು ಅಲ್ಯೂಮಿನಿಯಂ ಕೆಲಸದಲ್ಲಿ ಅನಿಲ, ಕಡ್ಡಿ, ಕೂಲಿ ಕಳೆದು 250 ರೂ. ಉಳಿದರೆ, ಸವಕಳಿ ತುಂಬಲು ವರ್ಷಕ್ಕೆ 40 ಕೆಲಸ ಬೇಕು. ಸಾಲದ ಕಂತು ಇನ್ನೂ ಸೇರಿಸಿಲ್ಲ. ನಮ್ಮ ನೋಟ್‌ಬುಕ್ ತೆಗೆದು ನೋಡಿದೆ. ಮೂರು ತಿಂಗಳಲ್ಲಿ ಆರ್ಗಾನ್ ಬೇಕೆಂದು ಬೇರೆ ಅಂಗಡಿಗೆ ಕಳಿಸಿದ ಅಲ್ಯೂಮಿನಿಯಂ ಕೆಲಸಗಳು 7, ಅಂದರೆ ವರ್ಷಕ್ಕೆ 28. ಅದೇ ಅವಧಿಯಲ್ಲಿ ಬಂದ ಚಾಸಿ ಮತ್ತು ಬಾಡಿ ಉಕ್ಕಿನ ಕೆಲಸಗಳು ಇದರ ಹಲವು ಪಟ್ಟು. ಚಾಚಾ ಚಹಾ ಕುಡಿಯುತ್ತಾ ಪುಟ ನೋಡಿದರು, "ಹಾಗಾದರೆ ಮಿಗ್" ಎಂದರು. ಅಲ್ಯೂಮಿನಿಯಂ ಕೆಲಸ ಈಗಲೂ ಪಕ್ಕದ ಆರ್ಗಾನ್ ಅಂಗಡಿಗೇ ಹೋಗುತ್ತದೆ.

ಪ್ಲೇಟ್ ಹಾಕುವ ಕ್ರಮ

ಮಷೀನ್‌ಗಿಂತ ಈ ಕ್ರಮ ಮುಖ್ಯ. ಬಿರುಕಿನ ತುದಿ ಎಲ್ಲಿದೆ ಎಂದು ಕೆಂಪು ಬಣ್ಣದ ಡೈ ಪೆನೆಟ್ರಂಟ್ ಹಾಕಿ ಹುಡುಕಬೇಕು. ತುದಿಯಲ್ಲಿ ಸಣ್ಣ ತೂತು ಕೊರೆದರೆ ಬಿರುಕು ಮುಂದಕ್ಕೆ ಓಡುವುದಿಲ್ಲ. ಆಮೇಲೆ ಬಿರುಕನ್ನು 'ವಿ' ಆಕಾರಕ್ಕೆ ಉಜ್ಜಿ, ತುಂಬಾ ಬೆಸೆದು, ಸಮ ಮಾಡಿ, ಅದರ ಮೇಲೆ ಪ್ಲೇಟ್ ಇಡಬೇಕು. ಪ್ಲೇಟಿನ ಎರಡು ತುದಿ ನೇರವಾಗಿ ಕತ್ತರಿಸಿರಬಾರದು, ಮೀನಿನ ಬಾಲ ಅಥವಾ ವಜ್ರದಂತೆ ಚೂಪಾಗಿ ಇಳಿದಿರಬೇಕು. ಚಾಸಿಗೆ ಅಡ್ಡಲಾಗಿ ನೇರ ಗೆರೆಯ ಬೆಸುಗೆ ಹಾಕಿದರೆ ಮುಂದಿನ ಬಿರುಕು ಅದೇ ಗೆರೆಯಲ್ಲಿ ಬರುತ್ತದೆ. ಫ್ಲ್ಯಾಂಜಿನ ಅಂಚಿಗೆ ಬೆಸುಗೆ ತಾಗಿಸಬಾರದು. ಒಂದೇ ಸಲ ಉದ್ದಕ್ಕೆ ಎಳೆಯದೆ ಇಲ್ಲಿ ಸ್ವಲ್ಪ, ಎದುರು ಬದಿ ಸ್ವಲ್ಪ ಹಾಕುತ್ತಾ ತಣಿಯಲು ಬಿಡಬೇಕು. ತುಕ್ಕು ತಿಂದು ಉಕ್ಕು ತೆಳುವಾಗಿದ್ದರೆ ಬೆಸುಗೆ ನಿಲ್ಲುವುದಿಲ್ಲ, ಆ ಭಾಗವನ್ನೇ ಬದಲಾಯಿಸಬೇಕು. ಕೆಲವು ಲಾರಿಗಳ ಚಾಸಿಗೆ ಬೆಸುಗೆಯೇ ಬೇಡವೆಂದು ಕಂಪನಿ ಹೇಳುತ್ತದೆ, ಅಲ್ಲಿ ಬೋಲ್ಟ್ ಅಥವಾ ರಿವೆಟ್.

ಪ್ಲೇಟ್ ಹಾಕಿಸಿದ್ದರಿಂದ ಹೆಚ್ಚು ಭಾರ ಹೇರಬಹುದು ಎಂದು ಅರ್ಥವಲ್ಲ. ಆರ್‌ಸಿಯಲ್ಲಿ ಬರೆದ ತೂಕವೇ ಮಿತಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿಯ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವಂತಿಲ್ಲ.

ಜೀವದ ವಿಷಯ

ಬೆಸೆಯುವ ಮೊದಲು ಬ್ಯಾಟರಿಯ ವೈರು ತೆಗೆಯಬೇಕು, ಇಲ್ಲದಿದ್ದರೆ ಗಾಡಿಯ ಕಂಪ್ಯೂಟರ್ ಸುಡಬಹುದು. ಅರ್ತ್ ಕ್ಲಾಂಪ್ ಬೆಸುಗೆಯ ಹತ್ತಿರವೇ ಇರಬೇಕು. ಡೀಸೆಲ್ ಟ್ಯಾಂಕ್, ಪೈಪು, ಬ್ರೇಕ್ ಪೈಪು ದೂರ ಸರಿಸಬೇಕು. ಕ್ಲೋರಿನ್ ಇರುವ ಕ್ಲೀನರ್ ಹಾಕಿ ಒರೆಸಿದ ಜಾಗದಲ್ಲಿ ಕಿಡಿ ಹೊಡೆದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಆರ್ಗಾನ್ ಮತ್ತು ಸಿಒಟು ಎರಡೂ ಗಾಳಿಗಿಂತ ಭಾರ. ಗ್ಯಾರೇಜಿನ ಗುಂಡಿಯಲ್ಲಿ ಅವು ತುಂಬಿಕೊಂಡರೆ ಒಳಗೆ ಇಳಿದವರಿಗೆ ಉಸಿರಿಗೆ ಆಮ್ಲಜನಕ ಸಿಗುವುದಿಲ್ಲ.

ಕಣ್ಣಿನ ಮಾತು ಬೇರೆಯಾಗಿ ಹೇಳಬೇಕು. ಬೆಸೆಯುವವರು ಮಾಸ್ಕ್ ಹಾಕುತ್ತಾರೆ, ಪ್ಲೇಟ್ ಹಿಡಿದ ಹೆಲ್ಪರ್ ಹುಡುಗ ಮುಖ ತಿರುಗಿಸಿ ನಿಲ್ಲುತ್ತಾನೆ. ರಾತ್ರಿ ಅವನ ಕಣ್ಣಿನಲ್ಲಿ ಮರಳು ಹಾಕಿದಂತೆ ಉರಿಯುತ್ತದೆ. ಹೊಸ ಮಷೀನ್ ಬಿಲ್ಲಿನಲ್ಲಿ ನಾನು ಎರಡನೇ ಮಾಸ್ಕ್ ಕೂಡ ಸೇರಿಸಿದ್ದು ಇದಕ್ಕೇ.

ಸ್ನೇಹಿತರೇ, ನಿಮ್ಮ ಮನೆಯಲ್ಲೂ ಗಾಡಿ ಇರಬಹುದು, ಅದರ ಮೇಲೆ ಸಾಲವೂ ಇರಬಹುದು. ಚಾಸಿ ಬೆಸುಗೆಗೆ ಕೊಡುವಾಗ ಮಿಸ್ತ್ರಿಯನ್ನು ಮೂರು ಪ್ರಶ್ನೆ ಕೇಳಿ. ಅದೇ ದಪ್ಪದ ತುಂಡಿನ ಮೇಲೆ ಮೊದಲು ಬೆಸೆದು ಬಗ್ಗಿಸಿ ತೋರಿಸುತ್ತೀರಾ? ಬಿರುಕಿನ ತುದಿ ಸಿಕ್ಕಿದೆಯೇ? ಪ್ಲೇಟಿನ ತುದಿ ಹೇಗೆ ಕತ್ತರಿಸುತ್ತೀರಿ? ಈ ಮೂರಕ್ಕೂ ಸರಿಯಾದ ಉತ್ತರ ಬಂದರೆ, 4 ಮಿ.ಮೀ. ಉಕ್ಕಿನ ಚಾಸಿಗೆ ಮಿಗ್ ಸಾಕು.